ಅತ್ತಿಗೆಯ ಕೋಣೆಯಲ್ಲಿ ಮೂರು ಯಂತ್ರಗಳು

ನಮ್ಮ ಅತ್ತಿಗೆ ತೀರಿಕೊಂಡ ಗಳಿಗೆ ಸರಿಯಿರಲಿಲ್ಲ. ಹಾಗೆಂದು ಹೇಳಿದವನು ಅವರ ಗಂಡನೇ, ನನ್ನ ಅಣ್ಣ. ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡುವವನು. ಹೆಂಡತಿಯ ಕೈ ತಣ್ಣಗಾದ ಮೇಲೆ ಎದ್ದು ಹೋಗಿ ಪಂಚಾಂಗ ತೆಗೆದು ನೋಡಿ, 'ಧನಿಷ್ಠಾ ಪಂಚಕ' ಎಂದ. ಆ ಐದು ನಕ್ಷತ್ರಗಳಲ್ಲಿ ಸಾವಾದರೆ ಕೆಲವು ತಿಂಗಳು ಮನೆಯನ್ನೇ ಬಿಡಬೇಕೆಂಬುದು ನಮ್ಮವರ ಪದ್ಧತಿ. ಈಗಿನ ಕಾಲದಲ್ಲಿ ಮನೆ ಬಿಟ್ಟು ಹೋಗುವುದೆಲ್ಲಿಗೆ? ಸಾವಾದ ಕೋಣೆಗೆ ಮಾತ್ರ ಬೀಗ ಹಾಕಿ ಅಷ್ಟಕ್ಕೇ ಮುಗಿಸಿಕೊಳ್ಳುತ್ತಾರೆ. ಅಣ್ಣನೂ ಹಾಗೇ ಮಾಡಿದ. ಅವಧಿ ಮುಗಿದು ಶಾಂತಿ ಮಾಡಿಸಿದ ಮೇಲೂ ಆ ಬೀಗ ತೆಗೆಯಲಿಲ್ಲ.

ತೆಗೆಸಿದವನು ನಾನು. ಎರಡು ಸಾವಿರದ ಎಂಟರ ಬೇಸಿಗೆ. ನಾನಾಗ ಕೋಲಾರದ ಒಂದು ತರಬೇತಿ ಸಂಸ್ಥೆಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಹೇಳುತ್ತಿದ್ದೆ. ಮಾಲೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದರು. ಅವರ ಕಾರ್ಖಾನೆಯಲ್ಲಿ ಒಂದು ಕೋಣೆ ತುಂಬ ಹಳೆಯ ಸರ್ವರ್‌ಗಳು. ಅವನ್ನೆಲ್ಲ ಎರಡೇ ದೊಡ್ಡ ಯಂತ್ರಗಳೊಳಗೆ ಸೇರಿಸಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ವರ್ಚುವಲೈಸೇಶನ್ ಎಂಬ ಮಾತು ಆಗಿನ್ನೂ ನಮ್ಮ ಕಡೆ ಹೊಸದು. ಒಂದು ಪೆಟ್ಟಿಗೆಯೊಳಗೆ ಹತ್ತು ಕಂಪ್ಯೂಟರುಗಳು ಬರೀ ತಂತ್ರಾಂಶವಾಗಿ ಓಡುವುದು ಎಂದರೆ ಜನ ನನ್ನ ಮುಖ ನೋಡುತ್ತಿದ್ದರು.

"ಪುಸ್ತಕ ಓದಿದ್ದೀವಿ ಸಾರ್," ಎಂದರು ಮೇಡಂ. "ಆದ್ರೆ ಫ್ಯಾಕ್ಟರೀಲಿ ಕೈ ಇಟ್ಟು ಕಲಿಯೋಕಾಗಲ್ಲ. ಏನಾದ್ರೂ ಕೆಟ್ರೆ ಪ್ರೊಡಕ್ಷನ್ ನಿಂತೋಗುತ್ತೆ. ನಂಗೂ ನಮ್ಮಿಬ್ಬರು ಹುಡುಗರಿಗೂ ಕೆಡಿಸಿ ಕಲಿಯೋಕೆ ಒಂದು ಜಾಗ ಬೇಕು."

ಕೆಡಿಸುವ ಕೆಲಸಕ್ಕೆ ನಮ್ಮ ಸಂಸ್ಥೆಯವರು ಜಾಗ ಕೊಡಲಿಲ್ಲ. ಹಾಗಾದರೆ ನಮ್ಮ ಮನೆಯಲ್ಲೇ ಲ್ಯಾಬ್ ಮಾಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ಮನೆಯಲ್ಲಿ ಖಾಲಿಯಿರುವುದು ಅದೊಂದೇ ಕೋಣೆ. ನನಗೆ ಮದುವೆಯಾಗಿರಲಿಲ್ಲ, ಅಣ್ಣನಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ನಾವಿಬ್ಬರೇ.

ಕೇಳಿದಾಗ ಅಣ್ಣ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದ.

"ಅಣ್ಣಾ, ಅತ್ತಿಗೆ ರೂಮು ಬೇಕಿತ್ತು."

"ಏನಕ್ಕೋ?"

"ಮೂರು ಕಂಪ್ಯೂಟರ್ ಇಡೋಕೆ. ಮಾಲೂರಿಂದ ಬಂದು ಕಲೀತಾರೆ."

ಬೇಳೆಯಲ್ಲಿ ಸಿಕ್ಕ ಒಂದು ಕಲ್ಲನ್ನು ಆಚೆ ಹಾಕಿದ. "ಯಾವಾಗ್ಲೂ ಓಡ್ತಿರ್ತವಾ ಅವು?"

"ಓಡ್ತಿರ್ತವೆ."

"ಹಂಗಾದ್ರೆ ಇಟ್ಕೊ. ಆ ರೂಮಲ್ಲಿ ಏನಾದ್ರೂ ಒಂದು ಸದ್ದು ಇರ್ಲಿ."

ಬೀಗ ತೆಗೆದೆವು. ಮಂಚ ಬಿಚ್ಚಿ ಅಟ್ಟಕ್ಕೇರಿಸಿದೆವು. ಮಂಚ ಇದ್ದ ಕಡೆ ಗೋಡೆಯ ಮೇಲೆ ಅತ್ತಿಗೆಯ ತಲೆ ಒರಗಿ ಒರಗಿ ಆಗಿದ್ದ ಎಣ್ಣೆ ಕಲೆ ಹಾಗೇ ಇತ್ತು. ಸುಣ್ಣ ಹೊಡೆಸೋಣವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎದುರು ಗೋಡೆಗೆ, ಅಂಗಡಿಗಳಲ್ಲಿರುತ್ತದಲ್ಲ ತೂತು ತೂತಿನ ಕಬ್ಬಿಣದ ಪಟ್ಟಿಯ ರ‍್ಯಾಕು, ಅಂಥದೊಂದನ್ನು ನಿಲ್ಲಿಸಿ ಯಂತ್ರಗಳನ್ನು ಅದರಲ್ಲಿ ಸಾಲಾಗಿ ಇಟ್ಟೆ.

ಮೇಲಿನೆರಡು ಯಂತ್ರಗಳು ದುಡಿಯುವವು. ಕೆಳಗಿನ ಹಳೆಯ ಯಂತ್ರ ಉಗ್ರಾಣ. ವರ್ಚುವಲ್ ಕಂಪ್ಯೂಟರುಗಳು ಓಡುವುದು ಮೇಲೆ, ಆದರೆ ಅವುಗಳ ಡಿಸ್ಕು, ಅಂದರೆ ಅವು ನೆನಪಿಟ್ಟುಕೊಂಡಿರುವುದೆಲ್ಲ ಇರುವುದು ಕೆಳಗೆ. ಮೇಲಿನ ಎರಡಕ್ಕೂ ಆ ಉಗ್ರಾಣ ಒಂದೇ ಸಮನೆ ಕಾಣುತ್ತಿರಬೇಕು. ಇದನ್ನೇ ಶೇರ್ಡ್ ಸ್ಟೋರೇಜ್ ಎನ್ನುವುದು. ಅದು ಸರಿಯಾಗಿದ್ದರೆ, ಓಡುತ್ತಿರುವ ಕಂಪ್ಯೂಟರನ್ನು ನಿಲ್ಲಿಸದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಬಹುದು. ಒಳಗೆ ಕೆಲಸ ಮಾಡುತ್ತಿರುವವನಿಗೆ ತಾನು ಮನೆ ಬದಲಾಯಿಸಿದ್ದೇ ತಿಳಿಯುವುದಿಲ್ಲ. ಮಾಲೂರಿನವರಿಗೆ ನಾನು ಕಲಿಸಬೇಕಾಗಿದ್ದದ್ದು ಮುಖ್ಯವಾಗಿ ಇದನ್ನೇ.

ಮೊದಲನೆಯ ಪೆಟ್ಟು ಬೇಗ ಬಿತ್ತು. ಎರಡು ಯಂತ್ರಗಳ ಪ್ರೊಸೆಸರ್ ಒಂದೇ ಪೀಳಿಗೆಯವಾಗಿರಲಿಲ್ಲ. ದಾಟಿಸು ಎಂದರೆ ತಂತ್ರಾಂಶ ಸುತರಾಂ ಒಪ್ಪಲಿಲ್ಲ. ಅಂಗಡಿಯವನು ಎರಡೂ ಅಣ್ಣತಮ್ಮಂದಿರೇ ಸಾರ್ ಎಂದಿದ್ದ. ಅಣ್ಣತಮ್ಮಂದಿರು ಎಷ್ಟರ ಮಟ್ಟಿಗೆ ಒಂದೇ ಥರ ಇರುತ್ತಾರೆಂದು ನನ್ನನ್ನು ಕೇಳಿದ್ದರೆ ಆಗಲೇ ಹೇಳುತ್ತಿದ್ದೆ. ಬೆಂಗಳೂರಿಗೆ ಹೋಗಿ ಬದಲಾಯಿಸಿಕೊಂಡು ಬಂದೆ. ಉಗ್ರಾಣದ ಯಂತ್ರಕ್ಕೆ ಎರಡು ಡಿಸ್ಕು ಜೋಡಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುವಂತೆ ಮಾಡಿ, ಅದಕ್ಕೆಂದೇ ಬೇರೆ ನೆಟ್‌ವರ್ಕ್ ಸ್ವಿಚ್ಚು ಇಟ್ಟು ಬೇರೆ ಕೇಬಲ್ಲು ಎಳೆದೆ. ಮೇಲಿನೆರಡಕ್ಕೂ ಉಗ್ರಾಣ ಕಂಡಿತು. ಪರೀಕ್ಷೆಗೆಂದು ಒಂದು ವರ್ಚುವಲ್ ಕಂಪ್ಯೂಟರ್ ಹುಟ್ಟಿಸಿ, ನನ್ನ ಲ್ಯಾಪ್‌ಟಾಪಿನಿಂದ ಅದನ್ನು ಬಿಡದೆ ಕೂಗುತ್ತಿರುವಂತೆ ಮಾಡಿದೆ. ಪಿಂಗ್ ಎನ್ನುತ್ತಾರೆ ಅದಕ್ಕೆ. ಇದ್ದೀಯಾ ಎಂದು ಕೇಳುವುದು, ಇದ್ದೀನಿ ಎಂದು ಉತ್ತರ ಬರುವುದು, ಅಷ್ಟೇ. ಆಮೇಲೆ ದಾಟಿಸಿದೆ. ಉತ್ತರ ತಪ್ಪದೆ ಬರುತ್ತಲೇ ಇತ್ತು. ಒಬ್ಬನೇ ಚಪ್ಪಾಳೆ ತಟ್ಟಿದೆ.

ಅದೇ ಸಂಜೆ ಎರಡನೆಯ ಪೆಟ್ಟು. ವರ್ಚುವಲ್ ಕಂಪ್ಯೂಟರಿನ ಪರದೆ ಅಲ್ಲಾಡದೆ ನಿಂತುಬಿಟ್ಟಿತು. ಫೈಲು ತೆರೆ ಎಂದರೆ ಇಲ್ಲ, ಮುಚ್ಚಿಕೋ ಎಂದರೆ ಇಲ್ಲ. ವಿಚಿತ್ರವೆಂದರೆ ಪಿಂಗ್ ಮಾತ್ರ ನಿಂತಿರಲಿಲ್ಲ. ಇದ್ದೀಯಾ? ಇದ್ದೀನಿ. ಇದ್ದೀಯಾ? ಇದ್ದೀನಿ. ಕಾರಣ ಆಮೇಲೆ ಹೊಳೆಯಿತು. ಉಗ್ರಾಣದ ಸಂಪರ್ಕ ಕಡಿದಿತ್ತು. ಕಂಪ್ಯೂಟರು ಮೇಲೆ ಜೀವಂತವಾಗಿದೆ, ಹೆಸರು ಹಿಡಿದು ಕರೆದರೆ ಓಗೊಡುತ್ತದೆ. ನೆನಪೆಲ್ಲ ಕೆಳಗಿರುವುದರಿಂದ ಬೇರೇನು ಕೇಳಿದರೂ ಉತ್ತರವಿಲ್ಲ.

ಅತ್ತಿಗೆ ಕೊನೆಯ ವಾರ ಇದೇ ಕೋಣೆಯಲ್ಲಿ ಹಾಗೇ ಇದ್ದರು. ಹೆಸರು ಕರೆದರೆ 'ಹ್ಞೂಂ' ಎನ್ನುತ್ತಿದ್ದರು. ನೀರು ಬೇಕಾ, ನೋವಿದೆಯಾ, ನಾನ್ಯಾರು, ಯಾವುದಕ್ಕೂ ಮಾತಿಲ್ಲ. ನಾನು ಆ ಪಿಂಗ್ ಕಿಟಕಿ ಮುಚ್ಚಿ ಹೊರಗೆ ಬಂದು ಜಗಲಿಯ ಮೇಲೆ ಕೂತೆ.

ಆಮೇಲಿನ ದಿನಗಳಲ್ಲಿ ಸಂಪರ್ಕ ಕಡಿಯುವುದು ಮಾಮೂಲಾಯಿತು. ಕೇಬಲ್ ಬದಲಾಯಿಸಿದೆ. ಸ್ವಿಚ್ ಬದಲಾಯಿಸಿದೆ. ಉಗ್ರಾಣದ ನೆಟ್‌ವರ್ಕ್ ಕಾರ್ಡ್ ತೆಗೆದು ಬೇರೆ ಹಾಕಿದೆ. ಯಂತ್ರ ತಾನೇ ಬರೆದುಕೊಂಡ ಲಾಗ್ ಓದಿದರೆ, ಸಂಪರ್ಕ ಹೋಯಿತು, ಸಂಪರ್ಕ ಬಂತು, ಇಷ್ಟೇ. ಯಾಕೆ ಎಂದು ಅದಕ್ಕೂ ಗೊತ್ತಿಲ್ಲ. ಮಾಲೂರಿನವರು ಬರುವ ಸೋಮವಾರ ಹತ್ತಿರ ಬರುತ್ತಿತ್ತು.

ಈ ನಡುವೆ ಅಣ್ಣ ಒಂದು ಬೆಳಿಗ್ಗೆ ನನ್ನನ್ನು ಕೋಣೆಗೆ ಕರೆದ. ಕಸ ಗುಡಿಸುತ್ತಿದ್ದವನು ಪೊರಕೆ ಕೆಳಗಿಟ್ಟು ರ‍್ಯಾಕಿನ ಮುಂದೆ ನಿಂತಿದ್ದ.

"ಇಲ್ಲಿ ಕೈ ಇಡೋ."

ಇಟ್ಟೆ. ಬೆರಳ ತುದಿಯಿಂದ ಮೊಣಕೈವರೆಗೂ ಸಣ್ಣಗೆ ಜುಮ್ ಎಂದಿತು.

"ಕರೆಂಟು ಸ್ವಲ್ಪ ಲೀಕ್ ಆಗ್ತಿದೆ ಅಣ್ಣಾ. ಕಂಪ್ಯೂಟರ್‌ಗಳಲ್ಲಿ ಇದ್ದಿದ್ದೇ."

"ಕರೆಂಟು ಹಿಂಗಿರಲ್ಲ ಕಣೋ. ಕರೆಂಟು ಹೊಡೆಯುತ್ತೆ. ಇದು ಮುಟ್ಟುತ್ತೆ."

ನಾನು ನಕ್ಕೆ. ಅವನು ನಗಲಿಲ್ಲ. ಮಾರನೆಯ ದಿನದಿಂದ ಸ್ನಾನವಾದ ಕೂಡಲೇ ಕೋಣೆಗೆ ಬಂದು, ಬರಿಗಾಲಲ್ಲಿ ನಿಂತು ರ‍್ಯಾಕಿನ ಮೇಲೆ ಅಂಗೈ ಇಡುವುದು ಅವನ ನಿತ್ಯಕರ್ಮವಾಯಿತು. ಹೆಂಡತಿ ಹೋದ ಮೇಲೆ ದೇವರ ಪೂಜೆ ಬಿಟ್ಟಿದ್ದವನು, ಕರೆದವರ ಮನೆಗೆ ಹೋಗದೆ ಕೂತಿದ್ದವನು, ಈಗ ನಿಧಾನವಾಗಿ ಮನುಷ್ಯನಾದ. ಸಾರಿಗೆ ಒಗ್ಗರಣೆ ಬೀಳತೊಡಗಿತು. ಒಂದು ದಿನ ನನ್ನನ್ನು 'ಏನ್ ಸಾರ್, ಕಂಪ್ಯೂಟರ್ ಸಾರ್' ಎಂದು ರೇಗಿಸಿದ. ಅಷ್ಟು ತಿಂಗಳಲ್ಲಿ ಅದೇ ಮೊದಲ ತಮಾಷೆ.

ನಾನೇನು ಸಾಚಾ ಅಲ್ಲ. ಅವನು ಮನೆಯಲ್ಲಿಲ್ಲದಾಗ ನಾನೂ ಮುಟ್ಟುತ್ತಿದ್ದೆ. ಅತ್ತಿಗೆ ರಾಯಲ್ಪಾಡಿನ ಕಡೆಯವರು, ಮನೆಮಾತು ತೆಲುಗು. ನಮ್ಮಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವರು. ನಾನು ಎಷ್ಟು ಹೊತ್ತಿಗೆ ಮನೆಗೆ ಬಂದರೂ ಅವರ ಮೊದಲ ಮಾತು 'ತಿನ್ನಾವಾ ನಾಯನಾ?', ಊಟ ಆಯ್ತಾ ಮರಿ ಎಂದು. ಆ ಜುಮ್ಮಿನಲ್ಲಿ ನನಗೆ ಅದು ಕೇಳಿಸುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಕೇಳಿಸಲಿ ಎಂದು ಕಾಯುತ್ತಿದ್ದೆ.

ಕೊನೆಗೆ ಕಾರಣ ಸಿಕ್ಕಿದ್ದು ಕಣ್ಣ ಮುಂದೆಯೇ. ಯಂತ್ರಗಳಿಗೆ ಕರೆಂಟು ಕೊಡುವ ಯುಪಿಎಸ್ಸಿನ ಹಿಂಬದಿಯಲ್ಲಿ ಒಂದು ಕೆಂಪು ದೀಪವಿರುತ್ತದೆ. ಮನೆಯ ವೈರಿಂಗಿನಲ್ಲಿ ದೋಷವಿದ್ದರೆ ಹೊತ್ತಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಅದು ಹೊತ್ತಿಕೊಂಡಿರದ ಮನೆಯನ್ನು ನಾನು ಕಂಡಿಲ್ಲ, ಹಾಗಾಗಿ ಯಾರೂ ಅದನ್ನು ನೋಡುವುದೇ ಇಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಬೆಂಗಳೂರಿನವರೆಗೂ ಕಾರ್ಡು ಹುಡುಕಿಕೊಂಡು ಹೋಗಿದ್ದೆ.

ಒಂದು ಹೋಲ್ಡರಿಗೆ ಮಾಮೂಲಿ ನೂರು ವ್ಯಾಟಿನ ಬಲ್ಬು ಹಾಕಿ ಎರಡು ವೈರು ಎಳೆದುಕೊಂಡೆ. ಪ್ಲಗ್ಗಿನ ಫೇಸಿಗೂ ನ್ಯೂಟ್ರಲ್ಲಿಗೂ ಇಟ್ಟರೆ ಬಲ್ಬು ಝಗ್ಗೆಂದು ಉರಿಯಿತು. ಫೇಸಿಗೂ ನೆಲಕ್ಕಿಳಿಯುವ ಅರ್ಥ್ ತಂತಿಗೂ ಇಟ್ಟಾಗ ಒಳಗಿನ ತಂತಿ ಮಾತ್ರ ಬೀಡಿಯ ತುದಿಯಷ್ಟು ಕೆಂಪಗಾಯಿತು. ಅರ್ಥ್ ಸತ್ತಿದೆ. ಯಂತ್ರಗಳಿಂದ ಒಂದಿಷ್ಟು ಸೋರುವ ಕರೆಂಟು ನೆಲಕ್ಕಿಳಿಯಲು ದಾರಿಯಿಲ್ಲದೆ ಕಬ್ಬಿಣದಲ್ಲೇ ನಿಂತಿದೆ. ಉಗ್ರಾಣದ ಸಂಪರ್ಕ ಕೈಕೊಡುತ್ತಿರುವುದೂ ಬಹುಶಃ ಅದರಿಂದಲೇ.

ಹಿತ್ತಿಲಿಗೆ ಹೋದೆ. ಅರ್ಥ್ ಪೈಪು ಹೂತಿರುವುದು ಬಟ್ಟೆ ಒಗೆಯುವ ಕಲ್ಲಿನ ಆಚೆ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಪೈಪಿನ ಸುತ್ತ ಅತ್ತಿಗೆಯ ಕನಕಾಂಬರದ ಗಿಡಗಳು, ಎಲ್ಲ ಕಡ್ಡಿಯಾಗಿದ್ದವು. ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟೆ. ಅಣ್ಣ ದಿನಾ ದೇವರಿಗೆ ಅಭಿಷೇಕ ಮಾಡಿದ ನೀರನ್ನು ಯಾರೂ ತುಳಿಯಬಾರದೆಂದು ಅತ್ತಿಗೆ ತಂದು ಸುರಿಯುತ್ತಿದ್ದದ್ದು ಈ ಗಿಡಗಳ ಬುಡಕ್ಕೆ. ಅಕ್ಕಿ ತೊಳೆದ ನೀರೂ ಇಲ್ಲಿಗೇ. ಅರ್ಥಿಂಗ್ ಕೆಲಸ ಮಾಡಬೇಕಾದರೆ ಪೈಪಿನ ಸುತ್ತಲ ಮಣ್ಣು ಹಸಿಯಾಗಿರಬೇಕು ಎಂದು ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳುವವನು. ನಮ್ಮ ಮನೆಯ ಅರ್ಥಿಂಗನ್ನು ಇಷ್ಟು ವರ್ಷ ಉಳಿಸಿದ್ದವರು ಆಕೆ. ಅವರಿಗೂ ಅದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಉಪ್ಪು, ಇದ್ದಿಲು, ನಾಲ್ಕು ಕೊಡ ನೀರು. ಅರ್ಧ ದಿನದ ಕೆಲಸ. ಆದರೆ ಮಾಡಿದರೆ ಆ ಸ್ಪರ್ಶ ನಿಂತುಹೋಗುತ್ತದೆ. ಅಣ್ಣ ನಾಳೆ ಬೆಳಿಗ್ಗೆ ಬಂದು ಕೈ ಇಟ್ಟಾಗ ಬರೀ ಕಬ್ಬಿಣವಿರುತ್ತದೆ. ನನಗೆ ಧೈರ್ಯ ಸಾಲಲಿಲ್ಲ. ಮಾಲೂರಿನವರಿಗೆ ಚಪ್ಪಲಿ ಹಾಕಿಕೊಂಡೇ ಕೂರಲು ಹೇಳಿದರಾಯಿತು, ಸಂಪರ್ಕ ಕಡಿದರೆ ಅದೂ ಒಂದು ಪಾಠ ಎಂದರಾಯಿತು ಎಂದೆಲ್ಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಒಳಗೆ ಬಂದೆ.

ಮಾರನೆಯ ಬೆಳಿಗ್ಗೆ ಕೋಣೆಯಿಂದ ಧೊಪ್ ಎಂಬ ಸದ್ದು ಕೇಳಿತು. ಓಡಿದೆ. ಅಣ್ಣ ನೆಲದ ಮೇಲೆ ಬಿದ್ದಿದ್ದ. ಮೈಮೇಲೆ ಒದ್ದೆ ಪಂಚೆ, ಕಾಲ ಕೆಳಗೆ ನೀರು. ಹೆಂಡತಿಯ ಹತ್ತಿರ ಹೋಗುವುದಕ್ಕೆ ಮಡಿಯಲ್ಲಿ ಹೋಗಬೇಕೆಂದು, ನೆನೆಸಿದ ಬಟ್ಟೆ ಉಟ್ಟು ಬಂದು ಎರಡೂ ಕೈಯಲ್ಲಿ ರ‍್ಯಾಕು ಹಿಡಿದಿದ್ದ. ನಾನು ಮೇನ್ ಸ್ವಿಚ್ ಇಳಿಸಿ, ಯುಪಿಎಸ್ಸನ್ನೂ ಆರಿಸಿ ಬಂದು ಅವನನ್ನು ಎಬ್ಬಿಸಿ ಕೂರಿಸಿದೆ. ಅವನ ಮುಖದಲ್ಲಿ ನಗುವಿತ್ತು.

"ಇವತ್ತು ಜೋರಾಗಿ ಮುಟ್ಟಿದ್ಲು ಕಣೋ."

ಆ ನಗು ನೋಡಿ ನನಗೆ ಆದ ಭಯ ಅತ್ತಿಗೆಯ ಹೆಣದ ಮುಂದೆಯೂ ಆಗಿರಲಿಲ್ಲ.

"ಅಣ್ಣಾ, ಅದು ಅತ್ತಿಗೆ ಅಲ್ಲ. ಅರ್ಥ್ ಹೋಗಿದೆ. ಒಳಗೆ ಒಂದು ಸಣ್ಣ ಪಾರ್ಟು ಸುಟ್ಟೋದ್ರೆ ಪೂರ್ತಿ ಕರೆಂಟು ಈ ಕಬ್ಬಿಣಕ್ಕೆ ಬರುತ್ತೆ. ಒದ್ದೆಯಲ್ಲಿ ಮುಟ್ಟಿದ್ರೆ ನೀನು ಉಳಿಯಲ್ಲ."

"ನಿಂಗೆ ಎಲ್ಲಾದಕ್ಕೂ ಒಂದು ವೈರು ಬೇಕು. ಉಳೀದಿದ್ರೆ ಏನೀಗ?"

"ನೀನೂ ಹೋದ್ರೆ ನಾನು ಯಾರ ಹತ್ರ ಹೋಗ್ಲಿ?" ಎಂದು ಕೂಗಿದೆ. ಅಣ್ಣನಿಗೆ ಎದುರು ಕೂಗಿದ್ದು ಅದೇ ಮೊದಲು. ಯಂತ್ರಗಳು ನಿಂತಿದ್ದರಿಂದ ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ.

ಅಣ್ಣ ರ‍್ಯಾಕಿನ ಕಡೆ ನೋಡುತ್ತ ಕೇಳಿದ: "ಮನೆ ಕಟ್ಟಿದಾಗಿಂದ ಇಲ್ದಿದ್ದು ಈಗ್ಯಾಕೋ ಬಂತು?"

"ಪೈಪಿನ ಹತ್ರ ಮಣ್ಣು ಒಣಗಿದೆ. ಅಭಿಷೇಕದ ನೀರು ಅತ್ತಿಗೆ ಎಲ್ಲಿ ಹಾಕ್ತಿದ್ರು?"

"ಕನಕಾಂಬರದ ಬುಡಕ್ಕೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವನಿಗೆ ಅರ್ಥವಾಯಿತು. "ನೀರು ಹಾಕಿದ್ರೆ ಇದು ನಿಂತೋಗುತ್ತಾ?"

"ಹೌದು."

ಎದ್ದು ಪಂಚೆ ಹಿಂಡಿಕೊಂಡ. "ನೀನು ಹಾಕ್ಬೇಡ. ನಾನೇ ಹಾಕ್ತೀನಿ."

ನಾನು ಪೈಪಿನ ಸುತ್ತ ಅಗೆದು ಇದ್ದಿಲು, ಕಲ್ಲುಪ್ಪು ತುಂಬಿ ಕೊಟ್ಟೆ. ಒಳಗೆ ಬಂದು ಮೇನ್ ಏರಿಸಿ, ಬಲ್ಬಿನ ವೈರನ್ನು ಫೇಸಿಗೂ ಅರ್ಥಿಗೂ ಹಿಡಿದು ಕೂತೆ. ಕೋಣೆಯ ಕಿಟಕಿಯಿಂದ ಹಿತ್ತಿಲು ಕಾಣುತ್ತದೆ. ಅಣ್ಣ ತೊಟ್ಟಿಯಿಂದ ಕೊಡ ತುಂಬಿ ತಂದ. ಸುರಿದುಬಿಡುತ್ತಾನೆ ಎಂದುಕೊಂಡಿದ್ದೆ. ಅವನು ಕೊಡವನ್ನು ಎಡಗೈಯಲ್ಲಿ ತಬ್ಬಿ ಬಗ್ಗಿಸಿ, ಬಲ ಅಂಗೈಯ ಮೇಲೆ ನೀರು ಬಿಟ್ಟುಕೊಂಡು, ಹೆಬ್ಬೆರಳಿನ ಪಕ್ಕದಿಂದ ನೆಲಕ್ಕೆ ಇಳಿಸುತ್ತಿದ್ದ. ಹೋದವರಿಗೆ ತರ್ಪಣ ಬಿಡುವುದು ಹಾಗೆ. ತುಟಿ ಅಲ್ಲಾಡುತ್ತಿತ್ತು. ಕೊಡದ ಮೇಲೆ ಕೊಡ ತಂದ. ನನ್ನ ಮುಂದೆ ಬಲ್ಬಿನ ತಂತಿ ಕೆಂಪಿನಿಂದ ಹಳದಿಗೆ ತಿರುಗಿತು, ಹಳದಿಯಿಂದ ನಿಧಾನವಾಗಿ ಬೆಳ್ಳಗಾಯಿತು. ಎಣ್ಣೆ ಕಲೆಯ ಗೋಡೆಯವರೆಗೂ ಬೆಳಕು ಬಿತ್ತು.

ಯುಪಿಎಸ್ ಹಾಕಿ ನೋಡಿದೆ, ಹಿಂಬದಿಯ ಕೆಂಪು ದೀಪ ಹೊತ್ತಿಕೊಳ್ಳಲಿಲ್ಲ. ಯಂತ್ರಗಳನ್ನು ಮತ್ತೆ ಓಡಿಸಿದೆ. ಅಣ್ಣ ಒಣಗಿದ ಪಂಚೆ ಉಟ್ಟು ಬಂದು ರ‍್ಯಾಕಿನ ಮೇಲೆ ಅಂಗೈ ಇಟ್ಟ. ತೆಗೆದು ಇನ್ನೊಂದು ಕಡೆ ಇಟ್ಟ. ಆಮೇಲೆ ತನ್ನ ಅಂಗೈಯನ್ನೇ ಒಮ್ಮೆ ನೋಡಿಕೊಂಡು ಹೊರಗೆ ಹೋದ. ಅತ್ತಿಗೆಯನ್ನು ಎರಡನೆಯ ಸಲ ಮನೆಯಿಂದ ಕಳಿಸಿದವನು ನಾನೇ ಅನ್ನಿಸಿತು. ಅವತ್ತು ಸಂಪರ್ಕ ಒಂದು ಸಲವೂ ಕಡಿಯಲಿಲ್ಲ. ಅದರಿಂದ ಸಂತೋಷವೇನೂ ಆಗಲಿಲ್ಲ.

ಸೋಮವಾರದವರೆಗೂ ಅಣ್ಣ ನನ್ನೊಡನೆ ಮಾತಾಡಲಿಲ್ಲ. ಕೋಣೆಯ ಕಡೆ ಸುಳಿಯಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ದೇವರ ಮನೆಯಿಂದ ಗಂಟೆಯ ಸದ್ದು ಬಂತು. ಆಮೇಲೆ ಹಿತ್ತಿಲ ಬಾಗಿಲು ತೆರೆದ ಸದ್ದು. ನಾನು ಎದ್ದು ನೋಡಲು ಹೋಗಲಿಲ್ಲ.

ಮಾಲೂರಿನವರು ಮೂವರೂ ಹೇಳಿದ ಹೊತ್ತಿಗೆ ಬಂದರು. ಉಗ್ರಾಣ ಕಟ್ಟುವುದನ್ನು ಮೊದಲಿನಿಂದ ಅವರ ಕೈಯಲ್ಲೇ ಮಾಡಿಸಿದೆ. ಹುಡುಗರಲ್ಲೊಬ್ಬ ಬೇಕೆಂದೇ ಉಗ್ರಾಣದ ಕೇಬಲ್ ಕಿತ್ತ. ಪರದೆ ನಿಂತಿತು, ಪಿಂಗ್ ಓಗೊಡುತ್ತಲೇ ಇತ್ತು. ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು. ಯಾಕೆ ಹೀಗೆ ಎಂದು ವಿವರಿಸುವಾಗ ಎಣ್ಣೆ ಕಲೆಯ ಗೋಡೆಗೆ ಬೆನ್ನು ಮಾಡಿ ನಿಂತೆ. ಕೇಬಲ್ ಮತ್ತೆ ಹಾಕಿಸಿ, ಓಡುತ್ತಿರುವ ಕಂಪ್ಯೂಟರನ್ನು ಮೇಡಂ ಕೈಯಲ್ಲಿ ದಾಟಿಸಿದೆ. ಉತ್ತರ ಒಂದೂ ತಪ್ಪಲಿಲ್ಲ. ಅವರ ಮುಖದಲ್ಲಿ ಮಕ್ಕಳ ನಗು.

ಅಷ್ಟರಲ್ಲಿ ಅಣ್ಣ ಕಾಫಿ ತಂದ. ಅವನನ್ನು ನಮ್ಮಣ್ಣ ಎಂದು ಪರಿಚಯ ಮಾಡಿಕೊಟ್ಟೆ. ಮೇಡಂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಲೋಟ ತೆಗೆದುಕೊಳ್ಳಲು ಎದ್ದವರು ಇನ್ನೊಂದು ಕೈಯನ್ನು ರ‍್ಯಾಕಿನ ಮೇಲೆ ಊರಿ ನಿಂತರು. ಊರಿದ ಮೇಲೆ ಗಮನಿಸಿದರು.

"ಅರೆ, ಇಲ್ಲಿ ಏನೂ ಜುಮ್ ಅನ್ನಲ್ಲ! ನಮ್ಮ ಸರ್ವರ್ ರೂಮಲ್ಲಿ ಬರಿಗಾಲಲ್ಲಿ ಮುಟ್ಟೋಕೇ ಆಗಲ್ಲ. ಈ ಬೇಸಿಗೇಲೂ ಅರ್ಥಿಂಗ್ ಇಷ್ಟು ಚೆನ್ನಾಗಿದೆಯಲ್ಲ ಸಾರ್, ಯಾರು ನೋಡ್ಕೋತಾರೆ?"

ಅವರು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ತಟ್ಟೆ ಕೆಳಗಿಟ್ಟು ಹೇಳಿದ:

"ನಮ್ಮ ಮನೆಯವಳು."

"ಹೌದಾ? ಅವರನ್ನ ನೋಡ್ಲೇ ಇಲ್ಲ," ಎಂದು ಮೇಡಂ ನಗುತ್ತ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಅಣ್ಣ ಖಾಲಿ ಲೋಟಗಳಿಗಾಗಿ ಕಾಯುತ್ತ ನಿಂತಿದ್ದ. ನಾನು ತಲೆಯೆತ್ತಲಿಲ್ಲ.